ಎರಡನೇ ಸಾಲಿನ ಕೆಳಗಿನ ಊರು

ಎರಡನೇ ಸಾಲಿನ ಒಂಬತ್ತನೇ ಮನೆಯ ಬಾಗಿಲು ಮುಚ್ಚುತ್ತಿಲ್ಲ ಎಂಬ ತಕರಾರು ಮೊದಲ ಸಲ ಬಂದಾಗ ನಾನು ಬಡಿಗನನ್ನು ಕಳಿಸಿ ಸುಮ್ಮನಾದೆ. ಅವನು ಬಾಗಿಲಿನ ಕೆಳಗಿನ ಅಂಚನ್ನು ಹೆರೆದು ಬಂದ. ಹದಿನೈದು ದಿನಕ್ಕೆ ಮತ್ತೆ ಅದೇ ತಕರಾರು. ಮತ್ತೆ ಹೆರೆದ. ಮೂರನೇ ಸಲ ಹೇಳಿದಾಗ ಅವನು ಹತಾರದ ಚೀಲವನ್ನು ನೆಲಕ್ಕಿಟ್ಟು, "ಬಾಗಲಾ ಸುದ್ದ ಐತ್ರಿ ಸಾಹೇಬ್ರ. ಚೌಕಟ್ಟ ಕುಂತೈತಿ" ಎಂದ.

ತೂಗುಗುಂಡು ಹಿಡಿದು ನಾನೇ ಹೋಗಿ ನೋಡಿದೆ. ಚೌಕಟ್ಟಿನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಕೆಳಗಿತ್ತು. ಬಾಗಿಲ ಮೇಲಿನ ಮೂಲೆಯಿಂದ ಮಾಡಿನ ಪತ್ರಾ ತಗಡಿನವರೆಗೆ ಗೋಡೆ ಓರೆಯಾಗಿ ಸೀಳಿತ್ತು. ಮನೆಯವರು ಸೀಳಿನೊಳಗೆ ಹಳೆಯ ಬಟ್ಟೆ ತುರುಕಿ ಮೇಲೆ ಸಗಣಿ ಮೆತ್ತಿದ್ದರು. ಎಂಟನೇ ಮನೆಗೆ ಹೋದೆ, ಅಲ್ಲೂ ಸಗಣಿ ಮೆತ್ತಿತ್ತು. ಏಳನೆಯದರಲ್ಲೂ ಇತ್ತು. ತಕರಾರು ಹೇಳಿದವರು ಒಬ್ಬರೇ, ಉಳಿದವರು ಮನೆ ಬಿಡಿಸಿಯಾರೆಂಬ ಹೆದರಿಕೆಯಿಂದ ಸುಮ್ಮನಿದ್ದರು.

ಇದು ಮೂವತ್ತರ ದಶಕದ ಒಂದು ಬೇಸಿಗೆಯ ಮಾತು. ಸೊಲ್ಲಾಪುರದ ಒಂದು ಗಿರಣಿಯ ಕಟ್ಟಡ ಖಾತೆಯಲ್ಲಿ ನಾನು ಓವರಸಿಯರ್ ಆಗಿದ್ದೆ. ಅಕ್ಕಲಕೋಟೆ ರಸ್ತೆಯಾಚೆ ಗಿರಣಿಯವರು ಕೆಲಸಗಾರರಿಗಾಗಿ ಹೊಸ ಚಾಳ ಕಟ್ಟಿಸಿದ್ದರು. ನಾಲ್ಕು ಸಾಲು, ಸಾಲಿಗೆ ಹನ್ನೆರಡು ಮನೆ, ಕಲ್ಲಿನ ಗೋಡೆ, ಪತ್ರಾದ ಮಾಡು, ಎರಡೆರಡು ಸಾಲಿನ ನಡುವೆ ಒಂದು ನಲ್ಲಿ. ಎರಡು ವರ್ಷದ ಹಿಂದೆ ಪ್ರತಿಯೊಂದು ಗೋಡೆಗೂ ಸುಣ್ಣದಿಂದ ಗೆರೆ ಹಾಕಿಸಿದವನು ನಾನು.

ಜಾಗ ಆರಿಸಿದ್ದಕ್ಕೆ ಕಾರಣವಿತ್ತು. ಸುತ್ತಮುತ್ತ ಎಲ್ಲ ಕಪ್ಪು ಮಣ್ಣಿನ ಎರಿ ಹೊಲ. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಅದರ ಮೇಲೆ ಗೋಡೆ ನಿಲ್ಲುವುದಿಲ್ಲ. ನಡುವೆ ಈ ಒಂದು ದಿಬ್ಬ ಮಾತ್ರ ಬೂದಿ ಬಣ್ಣದ್ದು, ಗಟ್ಟಿಯಾಗಿ, ಎತ್ತರವಾಗಿತ್ತು. ಸುತ್ತಲ ಹಳ್ಳಿಯವರು ಮೊದಲಿನಿಂದ ಅಲ್ಲಿಯ ಬಿಳಿ ಮಣ್ಣನ್ನು ಗಾಡಿಯಲ್ಲಿ ಒಯ್ದು ತಮ್ಮ ಮಾಳಿಗೆಗಳ ಮೇಲೆ ಹರಡುತ್ತಿದ್ದರು, ನೀರು ಇಳಿಯದಂತೆ. ನಮ್ಮೂರು ವಳಸಂಗದಲ್ಲಿ ನಮ್ಮ ಮನೆಯ ಮಾಳಿಗೆಗೂ ಪ್ರತಿ ವರ್ಷ ಮಳೆಗಾಲದ ಮೊದಲು ಇಂಥದೇ ಮಣ್ಣು ಏರುತ್ತಿತ್ತು. ಹಾಳಮಣ್ಣು ಎನ್ನುತ್ತಿದ್ದೆವು. ಹಾಳುಬಿದ್ದ ಊರಿನ ಮಣ್ಣು ಎಂದೇ ಅದರ ಅರ್ಥ. ಅರ್ಥ ಗೊತ್ತಿದ್ದೂ ನಾನು ಆ ದಿಬ್ಬದ ಮೇಲೆ ನಿಂತು, ಇಂಥ ಒಳ್ಳೆಯ ನೆಲ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟಿದ್ದೆ.

ಬಿರುಕುಗಳ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಸುಣ್ಣದ ಗಾರೆಯಿಂದ ಅಂಟಿಸಿದೆ. ಗೋಡೆ ಅಲುಗಾಡುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಹಾಗೇ ಉಳಿಯುತ್ತದೆ. ನಾಲ್ಕು ದಿನಕ್ಕೆ ಆರು ಪಟ್ಟಿಗಳಲ್ಲಿ ನಾಲ್ಕು ಒಡೆದಿದ್ದವು. ನಮ್ಮ ಖಾತೆಯ ಇಂಜಿನಿಯರ್ ಸಾಹೇಬರಿಗೆ ವರದಿ ಕೊಟ್ಟೆ. ಪುಣೆ ಕಡೆಯವರು, ಮರಾಠಿಯಲ್ಲಿ ಮಾತಾಡುವವರು, ಹೆಚ್ಚು ಮಾತಿನವರಲ್ಲ. ಸಾಲಿನ ಪಾಯ ತೆಗೆದು ನೋಡಬೇಕು, ಬೇಕಾದಲ್ಲಿ ಕೆಳಗಿನಿಂದ ಹೊಸ ಪಾಯ ಏರಿಸಬೇಕು, ಮೃಗಶಿರ ಮಳೆಗೆ ಮೊದಲು ಮುಗಿಯಬೇಕು ಎಂದರು. ಜನರನ್ನು ಎಲ್ಲಿ ಇಡುವುದೆಂದು ಕೇಳಿದೆ. ಬೇರೆ ಖಾಲಿ ಮನೆಗಳಿಲ್ಲ, ಜನ ಅಲ್ಲೇ ಇರಲಿ ಎಂದರು.

ನಿಂತ ಗೋಡೆಯ ಕೆಳಗೆ ಪಾಯ ಕಟ್ಟುವುದು ಬೇಸರದ ಕೆಲಸ. ಗೋಡೆಯುದ್ದಕ್ಕೂ ನಾಲ್ಕು ನಾಲ್ಕು ಅಡಿಗೆ ಗುರುತು ಹಾಕಬೇಕು. ಒಂದು ತುಂಡು ಬಿಟ್ಟು ಒಂದು ತುಂಡಿನ ಕೆಳಗೆ ಅಗೆಯಬೇಕು, ಅಗೆಯುವಾಗ ಮೇಲಿನ ಗೋಡೆಗೆ ಎರಡೂ ಕಡೆ ಮರದ ಟೇಕು ಕೊಡಬೇಕು. ಗಟ್ಟಿ ನೆಲ ಸಿಕ್ಕ ಮೇಲೆ ಅಲ್ಲಿಂದ ಕಲ್ಲು ಗಾರೆಯಲ್ಲಿ ಕಟ್ಟುತ್ತ ಹಳೆಯ ಪಾಯದವರೆಗೆ ಬಂದು, ನಡುವಿನ ಸಂದಿಗೆ ಕಲ್ಲಿನ ಚೂರು ಬಿಗಿಯಾಗಿ ಬಡಿಯಬೇಕು. ಗಾರೆ ಹಿಡಿಯುವವರೆಗೆ ಪಕ್ಕದ ತುಂಡನ್ನು ಮುಟ್ಟುವಂತಿಲ್ಲ. ಅವಸರ ಮಾಡಿದರೆ ಮೇಲಿದ್ದವರು ಸಾಯುತ್ತಾರೆ. ಮನೆಯೊಳಗೆ ಮಂದಿ ಇದ್ದರು, ಅಡುಗೆ ನಡೆದಿತ್ತು, ತೊಟ್ಟಿಲು ತೂಗುತ್ತಿದ್ದವು. ಬೆಳಗಿನ ಪಾಳಿಗೆ ಗಿರಣಿಯ ಭೋಂಗಾ ಕೂಗುವ ಮೊದಲೇ ನಾನು ಅಲ್ಲಿರುತ್ತಿದ್ದೆ. ಸಂಜೆಗೆ ಕಣ್ಣಿನೊಳಗೆಲ್ಲ ಸುಣ್ಣದ ಉರಿ.

ಅಗೆಯಲು ಒಡ್ಡರ ಒಂದು ತಂಡ ಬಂದಿತ್ತು. ಅದರ ಹಿರಿಯನನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರವತ್ತು ದಾಟಿದ ಮನುಷ್ಯ, ಬೆನ್ನು ಬಾಗಿತ್ತು, ಆದರೆ ಹಾರೆ ನೆಲಕ್ಕೆ ಬಿದ್ದ ಸದ್ದಿನಿಂದಲೇ ಕೆಳಗೆ ಏನಿದೆಯೆಂದು ಹೇಳುತ್ತಿದ್ದ. ಒಂಬತ್ತನೇ ಮನೆಯ ಗೋಡೆಯ ಕೆಳಗೆ ಮೊದಲ ತುಂಡು ಅವನೇ ಅಗೆದ. ಮೂರು ಅಡಿಗೆ ನಮ್ಮ ಪಾಯ ಮುಗಿಯಿತು. ಅದರ ಕೆಳಗೆ ನಾನು ಮರಮು, ಗಟ್ಟಿ ಗರಸು ಮಣ್ಣು, ನಿರೀಕ್ಷಿಸಿದ್ದೆ. ಬಂದದ್ದು ಬೂದಿ. ಮೆತ್ತಗೆ, ತಣ್ಣಗೆ, ಹಿಟ್ಟಿನಂತೆ. ಸಲಿಕೆ ತಾನಾಗಿಯೇ ಇಳಿಯುತ್ತಿತ್ತು. ಬೂದಿಯ ಅಂಚು ದುಂಡಗೆ ತಿರುಗಿಕೊಂಡು ಹೋಗಿತ್ತು, ಬಾಯಿ ಕಿರಿದು, ಹೊಟ್ಟೆ ಅಗಲ.

ಮುತ್ಯಾ ಒಳಗೆ ಇಳಿದು ಅಂಚನ್ನು ಅಂಗೈಯಿಂದ ಸವರಿ, "ಇದು ಹಗೆವು ಐತ್ರಿ. ಜ್ವಾಳ ಇಡೂ ಹಗೆವು" ಎಂದ.

ಕಾಳು ತುಂಬಿಡುವ ನೆಲದ ಕುಣಿ ನಮ್ಮೂರಲ್ಲೂ ಇತ್ತು, ನಾನೂ ಅದರೊಳಗೆ ಇಳಿದವನೇ. ಆದರೆ ಈ ದಿಬ್ಬದ ಮೇಲೆ ಯಾರೂ ಊರಿದ್ದದ್ದನ್ನು ನೆನೆಯುತ್ತಿರಲಿಲ್ಲ. ಯಾರೋ ಕಾಳು ತೆಗೆದ ಮೇಲೆ ಆ ಕುಣಿಗೆ ಒಲೆಯ ಬೂದಿ, ಮುರಿದ ಗಡಿಗೆ, ದನದ ಎಲುಬು ಸುರಿದಿದ್ದರು. ಅದರ ಬಾಯಿಗೆ ಸರಿಯಾಗಿ ನಾನು ಗೋಡೆ ಕೂರಿಸಿದ್ದೆ.

ಬೂದಿಯನ್ನೆಲ್ಲ ಹೊರಗೆ ತೆಗೆಸಿದೆ. ಆರೂವರೆ ಅಡಿಗೆ ಹಾರೆ ಟಣ್ಣೆಂದಿತು. ಗಟ್ಟಿ, ಸಮತಟ್ಟು, ತಿಳಿ ಹಳದಿ. ಮರಮು ಸಿಕ್ಕಿತೆಂದು ಅಲ್ಲಿಂದ ಕಲ್ಲು ಏರಿಸಿದೆವು. ಹೀಗೆ ಎಂಟು, ಒಂಬತ್ತು, ಹತ್ತನೇ ಮನೆಗಳಲ್ಲಿ ಹನ್ನೊಂದು ತುಂಡು ಮುಗಿದವು. ಮೂರು ವಾರ ಹಿಡಿಯಿತು. ಹೊಸ ಗಾಜಿನ ಪಟ್ಟಿಗಳು ಒಡೆಯಲಿಲ್ಲ. ಸಾಹೇಬರು ಬಂದು ನೋಡಿ ತಲೆಯಾಡಿಸಿ ಹೋದರು. ಒಂದು ರವಿವಾರ ನಾನು ಮನೆಯಲ್ಲಿ ಮಧ್ಯಾಹ್ನವಿಡೀ ನಿದ್ದೆ ಮಾಡಿದೆ.

ಮರುದಿನ ಸಂಜೆ ಅಡ್ಡಮಳೆ ಬಂತು. ಒಂದೇ ತಾಸು, ಆದರೆ ಜೋರಾಗಿ. ಚಾಳದ ಪತ್ರಾದ ನೀರೆಲ್ಲ ಅಗೆದ ಕುಣಿಗಳಿಗೆ ಹರಿಯಿತು. ಮಂಗಳವಾರ ಬೆಳಿಗ್ಗೆ ಒಬ್ಬ ಗೌಂಡಿ ಹನ್ನೆರಡನೇ ತುಂಡಿಗೆ ಕಲ್ಲು ಹಚ್ಚುತ್ತ ಗೋಡೆಯ ಕೆಳಗೆ ಕುಳಿತಿದ್ದ. ನಾನು ಮೇಲೆ ನಿಂತು ಮಟ್ಟ ನೋಡುತ್ತಿದ್ದೆ. ಬಟ್ಟೆ ಹರಿದಂಥ ಸದ್ದಾಯಿತು. ಹತ್ತು ದಿನದ ಹಿಂದೆ ಕಟ್ಟಿ ಮುಗಿಸಿದ್ದ ತುಂಡು, ಕಲ್ಲು ಗಾರೆ ಸಮೇತ, ನನ್ನ ಕಣ್ಣೆದುರಿಗೆ ಒಂದು ಗೇಣು ಕೆಳಗಿಳಿಯಿತು. ಟೇಕು ಜಾರಿತು. ಗೋಡೆ ಪೂರಾ ಬೀಳಲಿಲ್ಲ, ಆದರೆ ಕೆಳಗಿನ ಎರಡು ವರಸೆ ಕಲ್ಲು ಉರುಳಿ ಗೌಂಡಿಯ ಎಡಗಾಲಿನ ಮೇಲೆ ಬಿದ್ದವು. ಮುತ್ಯಾನೂ ನಾನೂ ಹಾರೆಯಿಂದ ಕಲ್ಲು ಮೀಟಿ ಅವನನ್ನು ಎಳೆದೆವು. ಹಿಮ್ಮಡಿ ಜಜ್ಜಿಹೋಗಿತ್ತು. ಆ ಗೌಂಡಿ ಮುಂದೆಂದೂ ನೆಟ್ಟಗೆ ನಡೆಯಲಿಲ್ಲ. ಅವನನ್ನು ದವಾಖಾನೆಗೆ ಕಳಿಸಿ ಬಂದ ಮೇಲೆ, ಕುಸಿದ ತುಂಡಿನ ಪಕ್ಕದಲ್ಲಿ ಹೊಸದಾಗಿ ಅಗೆಯಲು ಹೇಳಿದೆ.

ಆರೂವರೆ ಅಡಿಯ ಗಟ್ಟಿ ನೆಲಕ್ಕೆ ಮುತ್ಯಾ ಹಾರೆ ಹಾಕಿದ. ಮೂರು ನಾಲ್ಕು ಪೆಟ್ಟಿಗೆ ಅದು ರೊಟ್ಟಿಯಂತೆ ಒಡೆಯಿತು. ದಪ್ಪ ಒಂದು ಗೇಣು ಸಹ ಇರಲಿಲ್ಲ. ಕೆಳಗೆ ಮತ್ತೆ ಬೂದಿ. ಅವನು ಒಂದು ಚೂರನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಇದು ಮರಮು ಅಲ್ಲರಿ ಸಾಹೇಬ್ರ. ಯಾರೋ ನೆಲಾ ಬಡದು ಸಾರಿಸ್ಯಾರ. ಕೈಗುರುತ ಅದಾವ ನೋಡ್ರಿ."

ಚೂರಿನ ಮೇಲ್ಮೈಯಲ್ಲಿ ಬೆರಳು ಎಳೆದ ಸಾಲುಗಳಿದ್ದವು, ನಮ್ಮ ಹೆಂಗಸರು ಸಾರಿಸಿದಾಗ ಉಳಿಯುವಂಥವೇ. ಮನೆಯ ನೆಲ. ಮೇಲಿನ ಹಗೆವು ತೋಡಿದವರು ತಮಗಿಂತ ಹಿಂದಿನವರ ಮನೆಯ ನೆಲದವರೆಗೆ ತೋಡಿ ನಿಲ್ಲಿಸಿದ್ದರು. ಅದರ ಕೆಳಗೆ ಅವರಿಗಿಂತ ಹಿಂದಿನವರ ಬೂದಿ. ಮುಂದಿನ ಐದಾರು ದಿನ ನಾನು ಪಾಯ ಕಟ್ಟಿಸುವುದನ್ನು ನಿಲ್ಲಿಸಿ, ಈ ಸಾಲಿನಲ್ಲೂ ಮೂರನೇ ಸಾಲಿನ ಮೊದಲ ಮನೆಗಳಲ್ಲೂ ಬರೀ ಅಗೆಸಿದೆ. ಹದಿಮೂರು ಅಡಿಗೆ ನಿಜವಾದ ಮರಮು ಬಂತು. ಅಷ್ಟರೊಳಗೆ ನಾಲ್ಕು ನೆಲಗಳು, ಒಂದರ ಮೇಲೊಂದು.

ಆಗ ನಾನು ಮಾಡಿದ ತಪ್ಪು ನನಗೆ ಪೂರಾ ಕಂಡಿತು. ಎರಡು ವರ್ಷದ ಹಿಂದೆ, ಕಟ್ಟುವ ಮೊದಲು, ಈ ಸಾಲಿಗೆ ಹನ್ನೆರಡು ಕಡೆ ಪರೀಕ್ಷೆಯ ಕುಣಿ ತೋಡಿ ನೆಲ ನೋಡಬೇಕೆಂದು ಆದೇಶವಿತ್ತು. ನಾಲ್ಕು ತೋಡಿಸಿದ್ದೆ. ಅಷ್ಟರಲ್ಲಿ ಆಳುಗಳನ್ನು ಗಿರಣಿಯ ಬೇರೆ ಕೆಲಸಕ್ಕೆ ಎಳೆದುಕೊಂಡರು. ನಾಲ್ಕರಲ್ಲೂ ಮೂರು ಅಡಿಗೆ ಹಾರೆ ಟಣ್ಣೆಂದಿತ್ತು. ಉಳಿದ ಎಂಟು ಕುಣಿಗಳನ್ನು ತೋಡದೆಯೇ ರಿಜಿಸ್ಟರಿನಲ್ಲಿ ಹನ್ನೆರಡಕ್ಕೂ "ಮೂರು ಅಡಿಗೆ ಗಟ್ಟಿ ಮರಮು" ಎಂದು ಬರೆದು ಸಹಿ ಹಾಕಿದ್ದೆ. ನನ್ನ ಹಾರೆಗೆ ಸಿಕ್ಕಿದ್ದು ಯಾವುದೋ ಹೆಂಗಸು ಸಾರಿಸಿದ ನೆಲ. ಎಷ್ಟು ಚೆನ್ನಾಗಿ ಬಡಿದಿದ್ದರೆಂದರೆ ಅದರ ಸದ್ದಿಗೆ ನಾನು ಮೋಸಹೋಗಿದ್ದೆ. ತೋಡದ ಎಂಟು ಕುಣಿಗಳಿಗೆ ಮಾತ್ರ ಆ ನೆಪವೂ ಇಲ್ಲ.

ಯಾರಿಗೂ ಹೇಳಲಿಲ್ಲ. ಕೆಲಸ ಮಾಡಿ ಸರಿಪಡಿಸುತ್ತೇನೆ ಎಂದುಕೊಂಡೆ. ಚಾಳದ ನಕಾಶೆಯ ಮೇಲೆ, ಕೆಳಗಿನ ಗೆರೆ ಕಾಣುವಂಥ ತೆಳು ಬಟ್ಟೆ ಹಾಸಿ, ಸಿಕ್ಕ ಹಗೆವುಗಳನ್ನೆಲ್ಲ ಅಳತೆ ಮಾಡಿ ಗುರುತಿಸತೊಡಗಿದೆ, ಯಾವ ಗೋಡೆ ಯಾವ ಟೊಳ್ಳಿನ ಮೇಲಿದೆಯೆಂದು ತಿಳಿಯಲು. ತಿಳಿಯುತ್ತ ಹೋದಂತೆ ಬೇರೆಯದೂ ಮೂಡಿತು. ದುಂಡಗಿನ ಮನೆಗಳ ಅಂಚು, ಕಂಬ ನೆಟ್ಟ ಕರಿ ಗುರುತುಗಳ ಸಾಲು, ಒಲೆಯ ಸುಟ್ಟ ಮಣ್ಣು, ಎರಡು ಮನೆಗಳ ನಡುವಿನ ಸಂದಿ. ಮೇಲೆ ನನ್ನ ನೇರ ಗೆರೆಗಳು. ಒಂದು ಬಿಡಾರದಲ್ಲಿ ಈಗಿನ ಒಲೆಯೂ ಅವರ ಒಲೆಯೂ ಮೊಳದ ಅಂತರದಲ್ಲಿದ್ದವು. ಗಾಳಿ ಬರುವ ದಿಕ್ಕು ಅವರಿಗೂ ಅದೇ. ಕೆಂಪು ಗಡಿಗೆಯ ಚೂರುಗಳ ಮೇಲೆ ಕರಿ ಬಣ್ಣದ ಗೆರೆ, ಉಗುರಿನಷ್ಟು ಚಿಕ್ಕ ಕಲ್ಲಿನ ಅಲಗುಗಳು. ಅವನ್ನೆಲ್ಲ ಬುಟ್ಟಿಯಲ್ಲಿ ಹಾಕಿ, ಯಾವ ಮನೆ ಎಷ್ಟು ಅಡಿ ಎಂದು ಚೀಟಿ ಇಡುತ್ತಿದ್ದೆ. ಆಸಕ್ತಿಯಿಂದ ಮಾಡಿದೆನೆಂದರೆ ಸುಳ್ಳಾದೀತು. ಅಷ್ಟು ಹೊತ್ತಿಗೆ ನನಗೆ ಯಾವುದರಲ್ಲೂ ಆಸಕ್ತಿ ಉಳಿದಿರಲಿಲ್ಲ. ಒಮ್ಮೆ ತೋಡದೆ ತೋಡಿದೆನೆಂದು ಬರೆದವನು, ಈ ಸಲ ಒಂದನ್ನೂ ಬಿಡಬಾರದು ಎಂಬ ಹಟವಷ್ಟೆ.

ಏಳನೇ ಮನೆಯ ಸರದಿ ಬಂತು. ತಡವಳದ ಕಡೆಯ ಗಂಡ ಹೆಂಡತಿ ಅಲ್ಲಿದ್ದರು. ಅವನು ಮಗ್ಗದ ಖಾತೆ, ಅವಳು ನೂಲು ಸುತ್ತುವ ಖಾತೆ. ನೆಲ ಅಗೆಯುತ್ತಾರೆಂದು ಅವಳು ಅಂದು ಕೆಲಸಕ್ಕೆ ಹೋಗದೆ ಪಾತ್ರೆಗಳನ್ನು ಹೊರಗಿಟ್ಟು ಹೊಸ್ತಿಲ ಮೇಲೆ ಕುಳಿತಿದ್ದಳು. ಇಪ್ಪತ್ತು ಇಪ್ಪತ್ತೆರಡರ ಹೆಣ್ಣುಮಗಳು. ನಾಲ್ಕು ಅಡಿಯ ಹೊತ್ತಿಗೆ ಮುತ್ಯಾ ಸಲಿಕೆ ಬಿಟ್ಟು ಕೈಯಿಂದ ಮಣ್ಣು ಸರಿಸತೊಡಗಿದ. ಕೊಡದಷ್ಟು ದೊಡ್ಡ ಎರಡು ಗಡಿಗೆಗಳು, ಮಗ್ಗುಲಾಗಿ ಮಲಗಿಸಿ, ಬಾಯಿಗೆ ಬಾಯಿ ಹಚ್ಚಿ ಇಟ್ಟಿದ್ದವು. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು, ಮೊಳದಾಚೆ ಅವರ ಒಲೆಯ ಸುಟ್ಟ ಮಣ್ಣು. ಬಾಯಿ ಕೂಡಿದಲ್ಲಿ ಒಂದು ಅಂಚು ಮುರಿದಿತ್ತು. ಒಳಗೆ ಮಣ್ಣು ತುಂಬಿತ್ತು, ಮಣ್ಣಿನಲ್ಲಿ ಸಣ್ಣ ಎಲುಬುಗಳು. ಕೋಳಿಯವೇನೋ ಅಂದುಕೊಂಡೆ. ಆಮೇಲೆ ತಲೆಯ ಭಾಗ ಕಂಡಿತು, ಒಣಗಿದ ಸೋರೆಬುರುಡೆಯ ಚೂರಿನಂತೆ ತೆಳ್ಳಗೆ.

ಮುತ್ಯಾ ಮೇಲೆ ಬಂದು ರುಮಾಲು ತೆಗೆದು ನಿಂತ. ಇನ್ನು ಮುಂದೆ ತಾನು ಅಗೆಯುವುದಿಲ್ಲ ಎಂದ. ನಾನು ಮುಚ್ಚಲು ಒಂದು ಗೋಣಿ ಕೇಳಿದೆ. ಆ ಹೆಣ್ಣುಮಗಳು ಗೋಣಿ ತರಲಿಲ್ಲ, ತನ್ನ ಒಂದು ಹಳೆಯ ಸೀರೆ ತಂದು ಕೊಟ್ಟಳು. ಕುಣಿಯ ಅಂಚಿಗೆ ಕುಳಿತು ಬಹಳ ಹೊತ್ತು ನೋಡಿದಳು. ಹೆದರುತ್ತಾಳೆ, ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ಅಣ್ಣಾರ, ಇದನ್ನ ಏನ್ ಮಾಡ್ತೀರಿ?" ಎಂದು ಕೇಳಿದಳು.

ಆಫೀಸಿಗೆ ಕಳಿಸಬೇಕಾಗಬಹುದು ಎಂದೆ.

"ಹೋದ ವರ್ಸ ನಂದೊಂದು ಹೋಗೈತ್ರಿ. ಹನ್ನೊಂದು ದಿನದ್ದು. ಊರಿಗಿ ಒಯ್ಯಾಕ ಆಗಲಿಲ್ಲ. ಗಂಡಸರು ಒಯ್ದು ಎಲ್ಲೋ ಇಟ್ಟ ಬಂದ್ರು, ನನಗ ಜಾಗಾ ಸೈತ ತೋರಿಸಲಿಲ್ಲ." ಗಡಿಗೆಗಳ ಕಡೆ ಕೈ ತೋರಿಸಿ ಹೇಳಿದಳು. "ಈ ತಾಯಿ ತನ್ನ ಕೂಸಿನ್ನ ಒಲಿ ಮಗ್ಗಲಕ ಇಟಗೊಂಡಾಳ. ಬೆಚ್ಚಗ ಇರ್ಲಿ ಅಂತ ಇಟ್ಟಿರಬೇಕು. ಅದನ್ನ ಹೊರಗ ಒಯ್ಯಬ್ಯಾಡ್ರಿ."

ನಾನು ಕುಣಿಗೆ ಇಳಿದೆ. ಸೀರೆ ಹೊದಿಸಿ ಮೇಲೆ ಹಲಗೆ ಮುಚ್ಚಿದೆ.

ಸುದ್ದಿ ಸಂಜೆಯ ಭೋಂಗಾಕ್ಕೆ ಮೊದಲೇ ಗಿರಣಿಯೊಳಗೆ ಹೋಗಿತ್ತು. ಮರುದಿನ ಅರ್ಧ ಸಾಲಿನ ಜನ ಗಂಟುಮೂಟೆ ಹೊರಗಿಟ್ಟುಕೊಂಡು ಬಿಸಿಲಲ್ಲಿ ಕುಳಿತಿದ್ದರು. ಸ್ಮಶಾನದ ಮೇಲೆ ಮನೆ ಕಟ್ಟಿ ಕೊಟ್ಟಿದ್ದಾರೆ ಎಂದು ಕೂಗಾಟ. ಸ್ಮಶಾನವಲ್ಲ, ಊರು ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ. ಒಡ್ಡರ ತಂಡ ಹತ್ತಿರ ಬರಲಿಲ್ಲ. ಎರಡು ದಿನ ಕೆಲಸ ನಿಂತಿತು.

ಮೂರನೇ ದಿನ ಸಾಹೇಬರು ನನ್ನನ್ನು ಕರೆಸಿದರು. ಮೇಲಿನವರ ಒತ್ತಡ ಅವರ ಮುಖದಲ್ಲೇ ಕಾಣುತ್ತಿತ್ತು. ಕುಣಿಗಳಿಗೆಲ್ಲ ಕಲ್ಲು ತುಂಬಿಸು, ನೆಲ ಗಚ್ಚು ಮಾಡಿಸು, ಬಿರುಕು ಮುಚ್ಚಿ ಸುಣ್ಣ ಹೊಡೆಸು, ಗಡಿಗೆಗಳನ್ನು ಎಲ್ಲಿಯಾದರೂ ಹಾಕು ಎಂದರು. ಸಾಲು ವಾಸಕ್ಕೆ ಯೋಗ್ಯವಿದೆ ಎಂದು ಬರೆದ ಒಂದು ಕಾಗದವನ್ನು ಮುಂದಿಟ್ಟರು. ಕೆಳಗೆ ನನ್ನ ಹೆಸರಿತ್ತು, ಸಹಿ ಇರಲಿಲ್ಲ. ನಾಳೆ ಬೆಳಿಗ್ಗೆ ಕೊಡು ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅವರಿಗೂ ಸಾಕಾಗಿತ್ತು.

ಚಾಳಕ್ಕೆ ಬಂದು ಸಾಮಾನಿಡುವ ಗುಡಿಸಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹದಿಮೂರು ಅಡಿಯವರೆಗೆ ಪಾಯ ಇಳಿಸಲು ಒಂದೊಂದು ತುಂಡಿಗೆ ಎಷ್ಟು ದಿನ, ಗಾರೆ ಹಿಡಿಯಲು ಎಷ್ಟು ದಿನ, ಉಳಿದ ತುಂಡುಗಳೆಷ್ಟು. ಹೇಗೆ ಹಾಕಿದರೂ ದೀಪಾವಳಿ ದಾಟುತ್ತಿತ್ತು. ಮಳೆಗೆ ಉಳಿದದ್ದು ನಾಲ್ಕು ವಾರ. ಅಡ್ಡಮಳೆಯ ಒಂದು ತಾಸಿಗೇ ಗೇಣು ಕುಸಿದ ಗೋಡೆ, ಮೂರು ತಿಂಗಳ ಮಳೆಗೆ ಏನಾದೀತೆಂಬುದಕ್ಕೆ ಲೆಕ್ಕ ಬೇಕಿರಲಿಲ್ಲ. ಬಿದ್ದ ದಿನ ಈ ಕಾಗದವನ್ನು ತೆಗೆಯುತ್ತಾರೆ. ಇಲ್ಲವೇ ನನ್ನ ಹಳೆಯ ರಿಜಿಸ್ಟರು ತೆಗೆಯುತ್ತಾರೆ. ಅದರಲ್ಲೂ ನನ್ನ ಸಹಿ, ಇದರಲ್ಲೂ ನನ್ನ ಸಹಿ. ಇದನ್ನೆಲ್ಲ ದೊಡ್ಡ ಧೈರ್ಯವೆಂದು ಹೇಳಲಾರೆ. ಕುಳಿತಲ್ಲಿಂದ ಗೌಂಡಿಯ ಚಪ್ಪಲಿ ಕಾಣುತ್ತಿದ್ದವು, ಅವನು ದವಾಖಾನೆಗೆ ಬರಿಗಾಲಲ್ಲಿ ಹೋಗಿದ್ದ. ಇನ್ನೊಂದು ಸಲ ಸುಳ್ಳು ಬರೆದು ಅದನ್ನು ಹೊತ್ತುಕೊಂಡು ತಿರುಗುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ.

ಬೇರೆ ಕಾಗದ ತೆಗೆದುಕೊಂಡು ಬರೆದೆ. ಎರಡನೇ ಸಾಲು ಪೂರಾ, ಮೂರನೇ ಸಾಲಿನ ಮೊದಲ ಐದು ಮನೆ ವಾಸಕ್ಕೆ ಯೋಗ್ಯವಲ್ಲ. ದುರಸ್ತಿ ಸಾಧ್ಯವಿಲ್ಲ. ಮಳೆಗೆ ಮೊದಲು ಬಿಡಿಸಿ ಕೆಡವಬೇಕು. ಕಟ್ಟುವ ಮೊದಲು ಹನ್ನೆರಡು ಕುಣಿಗಳಲ್ಲಿ ನಾಲ್ಕನ್ನು ಮಾತ್ರ ತೋಡಿಸಿ ಹನ್ನೆರಡಕ್ಕೂ ನಾನು ಬರೆದಿದ್ದೇನೆ, ಅದು ಸುಳ್ಳು. ಸಹಿ.

ಮರುದಿನ ಸಾಹೇಬರು ಅದನ್ನು ಎರಡು ಸಲ ಓದಿದರು. ಇದರಿಂದ ನಿನಗೇನಾಗುತ್ತದೆ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಕಾಗದವನ್ನು ಮಡಚಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಅದನ್ನು ಹರಿದು ಹಾಕುತ್ತಾರೆಂದೇ ನಾನು ತಿಳಿದಿದ್ದೆ. ಅವರು ಹರಿಯಲಿಲ್ಲ, ಮೇಲಕ್ಕೆ ಕಳಿಸಿದರು. ಅಷ್ಟೇ ಅಲ್ಲ, ಹಳೆಯ ಊರಿನ ಅವಶೇಷ ಸಿಕ್ಕಿದೆ ಎಂದು ಪ್ರಾಚೀನ ವಸ್ತುಗಳ ಸರಕಾರಿ ಖಾತೆಗೂ ತಾವೇ ಒಂದು ಪತ್ರ ಹಾಕಿದರು. ಅದು ನನಗೆ ಆಮೇಲೆ ತಿಳಿಯಿತು.

ವಾರದೊಳಗೆ ಮನೆ ಬಿಡಿಸುವ ಆದೇಶ ಬಂತು. ಒಂದು ಕುಟುಂಬವಿದ್ದ ಮನೆಗಳಿಗೆ ಎರಡೆರಡು ಕುಟುಂಬ ಸೇರಿಸಿದರು. ಜಾಗ ಸಿಗದವರು ಊರಿಗೆ ಹೋದರು, ಅಥವಾ ಎಲ್ಲೆಲ್ಲೋ ಹೋದರು. ಯಾರೂ ನನ್ನನ್ನು ಹರಸಲಿಲ್ಲ. ಹತ್ತನೇ ಮನೆಯ ಮುದುಕರು ಪತ್ರಾ ಬಿಚ್ಚುವುದನ್ನು ನೋಡುತ್ತ, "ನಿಮ್ಮ ಕೈಲೇ ಕಟ್ಟಿದ್ರಿ, ನಿಮ್ಮ ಕೈಲೇ ಕೆಡವಾಕತ್ತೀರಿ. ನಡುವ ನಾವು ಯಾಕ ಬಂದ್ವಿರಿ?" ಎಂದರು. ನಿಂತು ಕೇಳಿಸಿಕೊಂಡೆ.

ಏಳನೇ ಮನೆಯವರು ತಡವಳಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಮುತ್ಯಾನನ್ನು ಕರೆಸಿದೆ. ಅಗೆಯುವುದಿಲ್ಲ ಎಂದವನು, ತಿರುಗಿ ಇಡುವುದಕ್ಕೆಂದರೆ ಬಂದ. ಇದ್ದ ಜಾಗದಲ್ಲೇ ಇನ್ನೂ ಮೂರು ಅಡಿ ಆಳಕ್ಕೆ ತೋಡಿ, ಕೆಡವುವವರ ಹಾರೆ ತಾಕದಂತೆ, ಗಡಿಗೆಗಳನ್ನು ಸೀರೆಯ ಸಮೇತ ಇಳಿಸಿದೆವು. ಬಾಯಿಗೆ ಬಾಯಿ ಹಚ್ಚಿ, ಪಕ್ಕದಲ್ಲಿ ಬಟ್ಟಲು. ಆ ಹೆಣ್ಣುಮಗಳು ಬಟ್ಟಲಿಗೆ ನಾಲ್ಕು ಹನಿ ಹಾಲು ಹಾಕಿದಳು. ಮಣ್ಣನ್ನು ತಾನೇ ಬೊಗಸೆಯಿಂದ ತುಂಬಿದಳು, ನಮಗೆ ಕೊಡಲಿಲ್ಲ. ಮುಗಿದ ಮೇಲೆ ಕೈ ಝಾಡಿಸಿಕೊಂಡು ಎದ್ದು ನಿಂತಳು.

"ಯಾರಿಗೂ ಜಾಗಾ ಹೇಳಬ್ಯಾಡ್ರಿ ಅಣ್ಣಾರ."

"ಹೇಳೂದಿಲ್ಲ ತಂಗಿ" ಎಂದೆ.

ಸಾಲು ಅರ್ಧ ಬಿದ್ದಿದ್ದಾಗ ಪುಣೆಯಿಂದ ಪ್ರಾಚೀನ ವಸ್ತುಗಳ ಖಾತೆಯ ಅಧಿಕಾರಿ ಬಂದರು. ಬಡಕಲು ದೇಹ, ಸೋಲಾ ಟೋಪಿ, ಎರಡೇ ದಿನದ ರಜೆ ಪಡೆದವರಂತೆ ಅವಸರ. ನನ್ನ ಬುಟ್ಟಿಗಳನ್ನೂ ಚೀಟಿಗಳನ್ನೂ ನೋಡಿದರು. ಬಟ್ಟೆಯ ಮೇಲಿನ ನಕಾಶೆಯನ್ನು ನೆಲದ ಮೇಲೆ ಹರಡಿಸಿಕೊಂಡು, ಮೊಣಕಾಲೂರಿ, ಒಂದೊಂದು ಗುರುತನ್ನೂ ಚೀಟಿಗೆ ಹೋಲಿಸಿ ನೋಡಿದರು. ಇಷ್ಟು ಶ್ರದ್ಧೆಯಿಂದ ಯಾರೂ ಅಳತೆ ಇಟ್ಟದ್ದನ್ನು ನೋಡಿಲ್ಲ ಎಂದರು. ಇಲ್ಲಿದ್ದವರು ಬಹುಶಃ ಕಬ್ಬಿಣ ಕಂಡವರಲ್ಲ ಎಂದಷ್ಟು ಹೇಳಿದರು. ಎಷ್ಟು ವರ್ಷದ ಹಿಂದಿನದೆಂದು ಕೇಳಿದರೆ ಕೈಯಾಡಿಸಿದರು.

ಹನ್ನೊಂದನೇ ಮನೆ ಕೆಡವುವಾಗ ಇನ್ನೊಂದು ಜೋಡಿ ಗಡಿಗೆ ಸಿಕ್ಕಿತ್ತು, ಹಾರೆ ಬಿದ್ದು ಒಡೆದಿತ್ತು. ಅದನ್ನು ಅವರಿಗೆ ತೋರಿಸಿದೆ. ಚೂರುಗಳನ್ನೂ ಎಲುಬುಗಳನ್ನೂ ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಪೂರ್ತಿ ಇರುವ ಜೋಡಿ ಸಿಕ್ಕಿದ್ದರೆ ಹೇಗೆ ಮಲಗಿಸಿದ್ದರು, ತಲೆ ಯಾವ ದಿಕ್ಕಿಗೆ, ಎಲ್ಲ ತಿಳಿಯುತ್ತಿತ್ತು ಎಂದರು. ಏಳನೇ ಮನೆಯಲ್ಲೂ ಸಿಕ್ಕಿತ್ತೆಂದು ಜನ ಹೇಳುತ್ತಾರಲ್ಲ ಎಂದು ಕೇಳಿದರು.

ಮುತ್ಯಾ ಹತ್ತು ಹೆಜ್ಜೆ ದೂರದಲ್ಲಿ ಕಲ್ಲು ಎತ್ತುತ್ತಿದ್ದ. ಕೆಲಸ ನಿಲ್ಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ.

ಅಲ್ಲಿ ಒಂದು ಒಡೆದ ಗಡಿಗೆ ಇತ್ತು, ಜನ ಸುಮ್ಮನೆ ಹೆದರಿದರು ಎಂದೆ. ಅವರು ನಕಾಶೆಯಲ್ಲಿ ಏಳನೇ ಮನೆ ನೋಡಿದರು. ಆ ಮನೆಯಲ್ಲಿ ನಾನು ಒಲೆಯನ್ನು ಬರೆದಿದ್ದೆ, ಕಂಬದ ಗುರುತು ಬರೆದಿದ್ದೆ. ಒಲೆಯ ಪಕ್ಕದ ಜಾಗ ಖಾಲಿ ಇತ್ತು. ಅವರು ನನ್ನ ಅಳತೆಯನ್ನು ನಂಬಿದರು.

ಮಳೆ ಸಮಯಕ್ಕೆ ಸರಿಯಾಗಿ ಬಂತು. ಒಂಬತ್ತನೇ ಮನೆ ಇದ್ದಲ್ಲಿ ನೆಲ ಕುಸಿದು ಆಳೆತ್ತರದ ಕುಣಿ ಬಿತ್ತು. ಸಾಹೇಬರು ಕೊಡೆ ಹಿಡಿದು ಅದರ ಅಂಚಿನಲ್ಲಿ ನಿಂತು ನೋಡಿ, ನನ್ನ ಕಡೆ ಒಮ್ಮೆ ನೋಡಿ ಹೋದರು. ಅಷ್ಟರಲ್ಲಾಗಲೇ ನನ್ನನ್ನು ಕಟ್ಟಡ ಖಾತೆಯಿಂದ ತೆಗೆದು ಹತ್ತಿಯ ಗೋದಾಮಿಗೆ ಹಾಕಿದ್ದರು. ಇನ್ನು ಮುಂದೆ ನಾನು ಯಾವ ಪಾಯಕ್ಕೂ ಸಹಿ ಹಾಕುವಂತಿರಲಿಲ್ಲ. ಅದು ನ್ಯಾಯವೇ ಆಗಿತ್ತು. ಗೋದಾಮಿನಲ್ಲಿ ಅಂಡಿಗೆಗಳನ್ನು, ಹತ್ತಿಯ ದೊಡ್ಡ ಮೂಟೆಗಳನ್ನು, ಎಣಿಸುತ್ತ ಮೊದಲ ತಿಂಗಳು ಬರೀ ದಣಿವು ಕಳೆದೆ. ಕಾಲು ಊನವಾದ ಗೌಂಡಿಗೆ ಸಾಹೇಬರಿಗೆ ಹೇಳಿ ಗೇಟಿನ ಕಾವಲು ಕೊಡಿಸಿದೆ. ಬೆಳಿಗ್ಗೆ ಒಳಗೆ ಹೋಗುವಾಗ ಅವನು ಸಲಾಮು ಮಾಡುತ್ತಿದ್ದ. ಅದನ್ನು ತಪ್ಪಿಸಲು ಕೆಲವು ದಿನ ಹಿಂದಿನ ಗೇಟಿನಿಂದ ಹೋದೆ.

ಮೂರು ವರ್ಷದ ಮೇಲೆ ಗೋದಾಮಿನ ವಿಳಾಸಕ್ಕೆ ಆ ಪುಣೆಯ ಅಧಿಕಾರಿಯ ಪತ್ರ ಬಂತು. ದಿಬ್ಬದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ನಿಮ್ಮ ನಕಾಶೆಯನ್ನು ಹಾಗೆಯೇ ಅಚ್ಚು ಹಾಕಿಸುತ್ತೇನೆ, ನಿಮ್ಮ ಹೆಸರನ್ನೂ ಹಾಕುತ್ತೇನೆ ಎಂದು ಬರೆದಿದ್ದರು. ಒಂದೇ ಒಂದು ಸಂಶಯವಿದೆ. ಉಳಿದ ಮನೆಗಳಲ್ಲಿ ಒಲೆಯ ಸುತ್ತ ಏನಾದರೊಂದು ಇದೆ, ಏಳನೇ ಮನೆಯಲ್ಲಿ ಮಾತ್ರ ಖಾಲಿ ಇದೆ. ಏನಾದರೂ ಸಿಕ್ಕು ಬರೆಯುವುದು ಬಿಟ್ಟುಹೋಗಿರಬಹುದೇ, ಯೋಚಿಸಿ ತಿಳಿಸಿ.

ಪತ್ರವನ್ನು ಮೇಜಿನ ಮೇಲಿಟ್ಟು ಅಂದಿನ ಅಂಡಿಗೆಗಳನ್ನು ಒಳಗೆ ಹಾಕಿಸಿದೆ. ಊಟದ ಹೊತ್ತಿಗೆ ಬಂದು ಉತ್ತರ ಬರೆಯಲು ಕುಳಿತೆ. ಅವರು ಒಳ್ಳೆಯ ಮನುಷ್ಯ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಹೆಣ್ಣುಮಗಳು ತಡವಳದಲ್ಲಿ ಹೇಗಿದ್ದಾಳೋ ಗೊತ್ತಿರಲಿಲ್ಲ. ಮುತ್ಯಾ ತೀರಿಕೊಂಡಿದ್ದ. ಜಾಗ ಗೊತ್ತಿದ್ದವರು ಇನ್ನು ಅವಳೂ ನಾನೂ ಇಬ್ಬರೇ. ನಕಾಶೆ ತಯಾರಿಸುವಾಗ ನಾನು ಬಹಳ ದಣಿದಿದ್ದೆ, ಆದರೂ ಕಂಡದ್ದನ್ನೆಲ್ಲ ಬರೆದಿದ್ದೇನೆ, ಏಳನೇ ಮನೆಯಲ್ಲಿ ಬೇರೇನೂ ಸಿಕ್ಕಿಲ್ಲ ಎಂದು ಬರೆದು, ಸಹಿ ಹಾಕಿ, ಅಂಚೆಗೆ ಕಳಿಸಿದೆ.